ಹಲಗೆ ಬಿಟ್ಟಿತು, ತಪ್ಪು ಯಾರದು?



ಹೊಸ ಮನೆ ಕಟ್ಟಿಸುವವರ, ಹಳೆಯ ಮನೆಯನ್ನು ನೆಟ್ಟಗೆ ಮಾಡಿಸುವವರ ಸಂಖ್ಯೆ ಈಗ ನಮ್ಮ ಹಳ್ಳಿಗಳಲ್ಲಿಯೂ ಹೆಚ್ಚಿದೆ. ಅದರೊಡನೆ ಒಂದು ದುಃಖವೂ ಹೆಚ್ಚಿದೆ. ಹಣ ಖರ್ಚಾಗಿರುತ್ತದೆ, ಕೆಲಸ ಮುಗಿದಿರುತ್ತದೆ, ಬಂಧುಬಳಗದ ಊಟವೂ ಆಗಿರುತ್ತದೆ. ಆರು ತಿಂಗಳು ಕಳೆಯುವುದರೊಳಗೆ ಕೆಲಸದ ಹುಳುಕು ಹೊರಬೀಳುತ್ತದೆ. ಆಗ ಮನೆಯ ಯಜಮಾನನು ಏನು ಮಾಡಬೇಕು? ಹಣೆಬರಹವೆಂದು ಸುಮ್ಮನಿರಬೇಕೆ, ಬೀದಿಯಲ್ಲಿ ಜಗಳಕ್ಕೆ ನಿಲ್ಲಬೇಕೆ, ನ್ಯಾಯಾಲಯದ ಮೆಟ್ಟಿಲು ಹತ್ತಬೇಕೆ? ಈ ಪ್ರಶ್ನೆಯು ನಮ್ಮ ಬಳಗದ ಒಂದು ಮನೆಯಲ್ಲಿಯೇ ಎದ್ದು, ಅದನ್ನು ಬಿಡಿಸುವ ಹೊಣೆ ನಮ್ಮ ಮೇಲೆ ಬಂದಿತ್ತು. ಅಲ್ಲಿ ಕಂಡುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಕುಂದಗೋಳವನ್ನು ದಾಟಿದ ಮೇಲೆ ಸಂಶಿ ಬರುತ್ತದೆ. ಎರೆಭೂಮಿಯ ಊರು, ಹತ್ತಿ, ಮೆಣಸಿನಕಾಯಿ, ಜೋಳಗಳ ಸೀಮೆ. ಅಲ್ಲಿ ನಮ್ಮ ಚಿಕ್ಕಪ್ಪನ ಮಗನ ಮನೆಯಿದೆ. ಹಳೆಯ ಮೇಲ್ಮುದ್ದೆಯ ಮನೆ. ದಪ್ಪ ಗೋಡೆ, ಪಡಸಾಲೆಯಲ್ಲಿ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಪಡಸಾಲೆಯ ಒಂದು ಮಗ್ಗುಲಿಗೆ ಜಂತಿಗಳ ಮೇಲೆ ಹಲಗೆ ಹಾಸಿದ ಅಟ್ಟವಿದೆ. ನಮ್ಮ ಕಡೆಯ ಜನ ಅದನ್ನು ಮಾಡಿ ಎನ್ನುವರು. ಕಾಳಿನ ಚೀಲ, ಒಣಮೆಣಸಿನಕಾಯಿ ಇಡುವ ಸ್ಥಳವದು. ಅದರ ಕಿಟಕಿಯ ಬಳಿ ಕುಳಿತು ನಮ್ಮ ಚಿಗವ್ವ ದಿನಾಲು ಲಿಂಗಪೂಜೆ ಮಾಡಿಕೊಳ್ಳುವ ರೂಢಿ. ಆಕೆಗೆ ಈಗ ಎಂಬತ್ತು ದಾಟಿದೆ.

ಮೇಲ್ಮುದ್ದೆ ಸೋರಿ ಅಟ್ಟದ ಹಲಗೆಗಳಿಗೆ ಗೆದ್ದಲು ಹತ್ತಿತ್ತು. ಮಾರ್ಗಶಿರದಲ್ಲಿ ಮಗಳ ಮದುವೆ ನಿಶ್ಚಯವಾದ್ದರಿಂದ, ಅಷ್ಟರೊಳಗೆ ಹೊಸ ಹಲಗೆ ಹಾಸಿಸಬೇಕೆಂದು ತಮ್ಮನು ಅವಸರಪಟ್ಟನು. ಶ್ರಾವಣದಲ್ಲಿ ಪಟ್ಟಣದ ಒಂದು ಕಟ್ಟಿಗೆ ಅಡ್ಡೆಯಿಂದ ಆಗತಾನೆ ಕೊಯ್ದ ಸಾಗವಾನಿ ಹಲಗೆಗಳನ್ನು ತಾನೇ ಕೊಂಡು ತಂದನು. ಊರಿನ ಬಡಿಗರ ಮನೆಯ ತರುಣನೊಬ್ಬನಿಗೆ ಮಜೂರಿ ಗೊತ್ತುಮಾಡಿ ಕೆಲಸ ಒಪ್ಪಿಸಿದನು. ಹಳೆಯ ಅಟ್ಟವನ್ನು ಹಾಸಿದವನು ಇದೇ ತರುಣನ ಅಜ್ಜ. ಅಟ್ಟದ ಅಗಲ ೧೨ ಅಡಿ, ಉದ್ದ ೧೮ ಅಡಿ. ಆರು ಅಂಗುಲದ ೨೪ ಹಲಗೆಗಳು ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕುಳಿತವು. ಮಹಾನವಮಿಯ ಹೊತ್ತಿಗೆ ಕೆಲಸ ಮುಗಿಯಿತು.

ಮದುವೆಯ ದಿನ ಅಟ್ಟವು ಕಣ್ಣಿಗೆ ಹಬ್ಬವಾಗಿತ್ತು. ಬಂದವರೆಲ್ಲ ಹೊಗಳಿದರು. ಶಿವರಾತ್ರಿ ಕಳೆದು ಬಿಸಿಲು ಏರಿದಂತೆ ಹಲಗೆ ಹಲಗೆಗಳ ನಡುವೆ ಗೆರೆ ಕಾಣಿಸಿತು. ಹೋಳಿಹುಣ್ಣಿಮೆಗೆ ಗೆರೆಯು ಸಂದಾಯಿತು. ಯುಗಾದಿಗೆ ನಾವು ಹೋದಾಗ, ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಜೋಡಿಸಿ ನಿಲ್ಲಿಸಿದರೆ ಸಂದಿನಲ್ಲಿ ಇಳಿಯುತ್ತಿದ್ದವು. ಮೇಲೆ ನಡೆದರೆ ಕೆಳಗಿನ ಪಡಸಾಲೆಯಲ್ಲಿ ಊಟಕ್ಕೆ ಕುಳಿತವರ ತಟ್ಟೆಗೆ ಧೂಳು ಬೀಳುತ್ತಿತ್ತು. ಕೆಲವು ಹಲಗೆಗಳು ಮೊರದಂತೆ ಬಾಗಿದ್ದವು. ಮೊಳೆಗಳು ತಲೆಯೆತ್ತಿ, ಮನೆಯ ಮೊಮ್ಮಗುವಿನ ಅಂಗಾಲು ತರಚಿದ್ದವು. ಕಾಲಿಟ್ಟಲ್ಲಿ ಹಲಗೆ ಜಗ್ಗುತ್ತಿದ್ದುದರಿಂದ ಚಿಗವ್ವ ಮೇಲೆ ಹತ್ತುವುದನ್ನೇ ಬಿಟ್ಟು, ಅಡಿಗೆಮನೆಯ ಮೂಲೆಯಲ್ಲಿ ಪೂಜೆಗೆ ಕುಳಿತುಕೊಳ್ಳುತ್ತಿದ್ದಳು. ಆಕೆ ಯಾರ ಮೇಲೂ ದೂರು ಹೇಳಲಿಲ್ಲ. ಆದರೆ ಆಕೆಯ ಆ ಮೌನವೇ ತಮ್ಮನನ್ನು ಹೆಚ್ಚು ಕೆರಳಿಸಿತ್ತು.

“ಅಣ್ಣಾರ, ನೀವs ನೋಡ್ರಿ. ಇವನ ಅಜ್ಜ ಹಾಸಿದ್ದು ಅರವತ್ತು ವರ್ಷ ಬಂತು, ಇವಂದು ಆರು ತಿಂಗಳ ಬರಲಿಲ್ಲ. ಇನ್ನೂ ಎಂಟು ಸಾವಿರ ಕೊಡೂದೈತಿ. ಒಂದು ಪೈಸೆ ಕೊಡಾಂಗಿಲ್ಲ. ಊರಾಗ ಯಾರೂ ಇವನ್ನ ಕೆಲಸಕ್ಕ ಕರೀಬಾರದು, ಹಂಗ ಮಾಡತೀನಿ” ಎಂದನು.

ತಮ್ಮನು ಊರಿನಲ್ಲಿ ನಾಲ್ಕು ಜನ ಕೇಳುವ ಮನುಷ್ಯ. ಅವನು ಹಾಗೆ ಮಾಡಿದ್ದರೆ ಆ ತರುಣನ ಅನ್ನಕ್ಕೆ ಕಲ್ಲು ಬೀಳುವುದು ನಿಶ್ಚಯವಾಗಿತ್ತು. ಎರಡು ಮನೆಗಳ ನಡುವಿನ ಮೂರು ತಲೆಮಾರಿನ ನಂಟೂ ಅಂದಿಗೆ ಮುಗಿಯುತ್ತಿತ್ತು. ಆದ್ದರಿಂದ ಬಡಿಗನನ್ನೂ ಕರೆಯಿಸಿ ಕೇಳುವುದು ಯೋಗ್ಯವೆಂದು ನಾವು ಹೇಳಿದೆವು. ಅವನು ಬಂದು ಬಾಗಿಲ ಬಳಿಯೇ ನಿಂತನು. “ಗುರುಗಳ, ಕಟ್ಟಿಗಿ ಹಸೀ ಐತ್ರಿ ಅಂತ ನಾ ಮೊದಲs ಹೇಳಿದ್ದೆ. ಮದುವಿ ಐತಿ, ನೀ ಹಾಸು ಅಂದ್ರು. ಹಾಸಿದೆ” ಎಂದಷ್ಟೇ ಹೇಳಿದನು.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆದರೆ ಇಬ್ಬರೂ ತಮಗೆ ಅನುಕೂಲವಾದ ಅರ್ಧವನ್ನು ಮಾತ್ರ ಹೇಳಿದ್ದರು. ಹೊಸ ಕೆಲಸ ಕೆಟ್ಟಾಗ ನಡೆಯುವ ಬಹುಪಾಲು ಜಗಳಗಳ ಮೂಲ ಇಲ್ಲಿಯೇ ಇದೆ. ದೋಷ ಯಾರದೆಂದು ಕೂಗುವ ಮೊದಲು ದೋಷ ಏನೆಂದು ಅರಿಯಬೇಕು. ಅದಕ್ಕಾಗಿ ಕಟ್ಟಿಗೆಯ ಸ್ವಭಾವವನ್ನು ವಾಚಕರು ಸ್ವಲ್ಪ ತಿಳಿಯುವುದು ಅವಶ್ಯ.

ನಮ್ಮ ಎರೆಹೊಲವನ್ನು ನೋಡಿರಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ನೀರು ಬಿಟ್ಟು ಕೈ ಇಳಿಯುವಷ್ಟು ಬಿರಿಯುತ್ತದೆ. ಕಟ್ಟಿಗೆಯ ನಡತೆಯೂ ಇಂಥದೇ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೋಶಗಳ ಪೊಳ್ಳಿನಲ್ಲಿ ಮತ್ತು ಕೋಶಗಳ ಗೋಡೆಯೊಳಗೆ. ಮರವನ್ನು ಕಡಿದ ಮೇಲೆ ಮೊದಲು ಪೊಳ್ಳಿನ ನೀರು ಹೋಗುತ್ತದೆ. ಆಗ ತೂಕ ಇಳಿಯುತ್ತದೆಯೇ ಹೊರತು ಅಳತೆ ಇಳಿಯುವುದಿಲ್ಲ. ತೇವಾಂಶವು ಒಣಕಟ್ಟಿಗೆಯ ತೂಕದ ಶೇಕಡ ೩೦ರ ಸುಮಾರಿಗೆ ಬಂದ ಮೇಲೆ ಗೋಡೆಯೊಳಗಿನ ನೀರು ಹೊರಡತೊಡಗುತ್ತದೆ. ಕಟ್ಟಿಗೆಯು ಕುಗ್ಗುವುದು ಅಲ್ಲಿಂದಾಚೆಗೆ. ಉದ್ದದಲ್ಲಿ ಈ ಕುಗ್ಗುವಿಕೆ ಲೆಕ್ಕಕ್ಕೆ ಬಾರದಷ್ಟು ಅಲ್ಪ, ಅಗಲದಲ್ಲಿ ಬಹಳ. ಅದರಲ್ಲಿಯೂ ಮರದೊಳಗಿನ ವರ್ಷದ ಬಳೆಗಳು ಸುತ್ತುವ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆಯು, ನಡುಮರದಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಆಗುವುದರ ಸುಮಾರು ಎರಡು ಪಟ್ಟು. ಒಂದೇ ಹಲಗೆಯ ಎರಡು ಮುಖಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದಲೇ ಹಲಗೆಯು ಮೊರದಂತೆ ಬಾಗುವುದು.

ಸಾಗವಾನಿಯು ಕಡಿಮೆ ಕುಗ್ಗುವ ಕಟ್ಟಿಗೆಗಳಲ್ಲಿ ಒಂದು. ಆದರೂ ಪೂರ್ಣ ಹಸಿಯಿಂದ ಪೂರ್ಣ ಒಣಗುವವರೆಗೆ ಅದು ಅಗಲದಲ್ಲಿ ನೂರಕ್ಕೆ ಐದರಷ್ಟು ಕುಗ್ಗಬಲ್ಲದು. ಶ್ರಾವಣದ ತೇವದಿಂದ ಚೈತ್ರದ ಬಿಸಿಲಿಗೆ ಬರುವಾಗ ಅದರ ಅರ್ಧ ಕುಗ್ಗಿತೆಂದಿಟ್ಟುಕೊಂಡರೂ, ಆರು ಅಂಗುಲದ ಹಲಗೆಗೆ ಸುಮಾರು ೪ ಮಿಲಿಮೀಟರು. ಇಪ್ಪತ್ತನಾಲ್ಕು ಹಲಗೆಗಳಿಗೆ ಒಟ್ಟು ನಾಲ್ಕು ಅಂಗುಲದ ಸನಿಹ. ನಾವು ಬಡಿಗನ ಕೈಯಲ್ಲಿಯೇ ಅಳತೆಪಟ್ಟಿಯನ್ನು ಕೊಟ್ಟು ಸಂದುಗಳನ್ನೆಲ್ಲ ಅಳೆಯಿಸಿದೆವು. ಸಂದುಗಳು ಹೆಚ್ಚುಕಡಿಮೆ ಒಂದೇ ಸಮನಾಗಿದ್ದವು. ಕೂಡಿಸಿದರೆ ಮೂರೂವರೆ ಅಂಗುಲ ದಾಟಿತು. ಸಂದುಗಳು ಎಲ್ಲೆಡೆ ಸಮನಾಗಿದ್ದರೆ ಕಟ್ಟಿಗೆ ಒಣಗಿ ಕುಗ್ಗಿದೆಯೆಂದೂ, ಒಂದೆಡೆ ಬಿಟ್ಟು ಇನ್ನೊಂದೆಡೆ ಬಿಗಿಯಾಗಿದ್ದರೆ ಕೊಯ್ತ ಜೋಡಣೆಗಳಲ್ಲಿ ವಕ್ರವಿದೆಯೆಂದೂ ತಿಳಿಯಬೇಕು. ಸಂದಿನ ಮಟ್ಟಿಗೆ ಇಲ್ಲಿ ಮೂಲಕಾರಣ ಹಸಿ ಕಟ್ಟಿಗೆ.

ಆದರೆ ಎಲ್ಲವನ್ನೂ ಹಸಿ ಕಟ್ಟಿಗೆಯ ತಲೆಗೆ ಕಟ್ಟುವಂತಿರಲಿಲ್ಲ. ನಾವು ಒಂದು ಹಾಳೆಯಲ್ಲಿ ದೋಷಗಳನ್ನು ಒಂದೊಂದಾಗಿ ಬರೆಯಿಸಿದೆವು. ಹಲಗೆಗಳ ಅಂಚಿಗೆ ಅಂಚು ಒತ್ತಿ ಹಾಸಲಾಗಿತ್ತು; ಒಂದರ ಅಂಚಿನಲ್ಲಿ ಗಾಡಿ ಕೊರೆದು, ಇನ್ನೊಂದರ ನಾಲಗೆಯನ್ನು ಅದರಲ್ಲಿ ಕೂಡಿಸಿರಲಿಲ್ಲ. ಹಾಗೆ ಕೂಡಿಸಿದ್ದರೆ ಹಲಗೆ ಕುಗ್ಗಿದರೂ ಧೂಳು ಕೆಳಗೆ ಬೀಳುತ್ತಿರಲಿಲ್ಲ. ಇದು ಬಡಿಗನ ಹೊಣೆ. ತಿರುಪು ಹಾಕಬೇಕಾದಲ್ಲಿ ನುಣುಪು ಮೊಳೆ ಹೊಡೆದಿದ್ದನು. ಕಟ್ಟಿಗೆ ಒಣಗಿ ಹಿಡಿತ ಸಡಿಲಾದಾಗ ಮೊಳೆ ಮೇಲೆದ್ದಿತು. ಇದೂ ಅವನದೇ. ಹಲಗೆ ಜಗ್ಗುವುದಕ್ಕೆ ಕಾರಣ ಬೇರೆಯಿತ್ತು. ಹಳೆಯ ಅಟ್ಟದಲ್ಲಿ ಒಂದೂವರೆ ಅಡಿಗೊಂದು ಜಂತಿ ಇದ್ದಿತು. ಗೆದ್ದಲು ತಿಂದ ಜಂತಿಗಳನ್ನು ತೆಗೆದ ಮೇಲೆ ಹೊಸವನ್ನು ಹಾಕಿಸದೆ, ಇದ್ದವನ್ನೇ ಸರಿಸಿ ಎರಡೂವರೆ ಅಡಿಗೊಂದರಂತೆ ಕೂಡಿಸಲಾಗಿತ್ತು. ನಾಲ್ಕು ಜಂತಿ ತರಿಸಿರೆಂದು ಬಡಿಗನು ಕೇಳಿದ್ದನು. ಮದುವೆಯ ಖರ್ಚಿನಲ್ಲಿ ತಮ್ಮನು ಬೇಡವೆಂದಿದ್ದನು. ಇದು ಯಜಮಾನನ ಹೊಣೆ.

ಉಳಿದುದು ಹಸಿ ಕಟ್ಟಿಗೆಯ ಪ್ರಶ್ನೆ. ಕೊಂಡವನು ತಮ್ಮ, ಅವಸರಪಡಿಸಿದವನು ತಮ್ಮ. ಹಸಿಯೆಂದು ಗೊತ್ತಿದ್ದೂ ಹಾಸಿದವನು ಬಡಿಗ. “ನಾನು ಹೇಳಿದ್ದೆ” ಎಂಬ ಮಾತು ಅವನನ್ನು ಎಷ್ಟರಮಟ್ಟಿಗೆ ಬಿಡಿಸುತ್ತದೆ? ಈ ಪ್ರಶ್ನೆಯನ್ನು ನಾವು ಅಂದು ರಾತ್ರಿ ಬಹಳ ಹೊತ್ತು ಯೋಚಿಸಿದೆವು.

ನಾವು ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಅಲ್ಲಿಗೆ ಒಬ್ಬ ವೃದ್ಧ ಬಡಿಗರು ಬರುತ್ತಿದ್ದರು. ದಾಸೋಹದ ಮನೆಗೆ ಬಾಗಿಲು ಮಾಡಬೇಕಾಗಿತ್ತು. ಭಕ್ತರೊಬ್ಬರು ಕಟ್ಟಿಗೆ ತಂದು ಹಾಕಿ, ಬರುವ ಜಾತ್ರೆಗೆ ಬಾಗಿಲು ನಿಲ್ಲಬೇಕೆಂದರು. ಬಡಿಗರು ಹಲಗೆಗಳನ್ನು ದನದ ಕೊಟ್ಟಿಗೆಯ ನೆರಳಿಗೆ ಒಯ್ದು, ನಡುನಡುವೆ ತೆಳು ರಿಪ್ಪುಗಳನ್ನಿಟ್ಟು ಗಾಳಿಯಾಡುವಂತೆ ಒಟ್ಟಿದರು. ಎರಡು ಮಳೆಗಾಲ ಕಳೆಯಲಿ ಎಂದು ಹೇಳಿ ಹೊರಟುಹೋದರು. ಕೊಟ್ಟ ಮುಂಗಡವನ್ನೂ ಕಟ್ಟೆಯ ಮೇಲೆ ಇಟ್ಟಿದ್ದರು. ಜಾತ್ರೆಯು ಹಳೆಯ ಬಾಗಿಲಿನಲ್ಲಿಯೇ ನಡೆಯಿತು. ಅವರು ಆಮೇಲೆ ಮಾಡಿದ ಬಾಗಿಲು ಮಳೆಗಾಲದಲ್ಲಿ ಬಿಗಿಯಲಿಲ್ಲ, ಬೇಸಿಗೆಯಲ್ಲಿ ಬಿಡಲಿಲ್ಲ. ಅಂಗುಲ ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಒಂದು ವರ್ಷವೆಂಬ ಸ್ಥೂಲ ಲೆಕ್ಕವನ್ನು ಬಡಿಗರು ಇಂದಿಗೂ ಹೇಳುವರು. ಅಷ್ಟು ಕಾಯಲಾರದವರಿಗಾಗಿ ಕಟ್ಟಿಗೆಯನ್ನು ಬಿಸಿಗಾಳಿಯ ಕೋಣೆಯಲ್ಲಿ ಕೆಲವೇ ವಾರಗಳಲ್ಲಿ ಹದಕ್ಕೆ ತರುವ ಕಾರ್ಖಾನೆಗಳು ಈಗ ಇವೆ. ಹದಮಾಡಿದ ಕಟ್ಟಿಗೆಗೆ ಬೆಲೆ ಹೆಚ್ಚು. ಆ ಹೆಚ್ಚಿನ ಬೆಲೆ ಆಮೇಲಿನ ದುರಸ್ತಿಗಿಂತ ಕಡಿಮೆಯೇ.

ಶರಣರ ಸಮೂಹದಲ್ಲಿ ಬಾಚಿಕಾಯಕದ ಬಸವಯ್ಯನೆಂಬ ಬಡಿಗನಿದ್ದುದನ್ನು ವಾಚಕರು ಬಲ್ಲರು. ಬಾಚಿಯೆಂಬ ಉಪಕರಣವೇ ಅವನ ಹೆಸರಿನೊಡನೆ ಸೇರಿಹೋಗಿದೆ. ಮಾಡುವ ಕೆಲಸಕ್ಕೂ ಮಾಡುವವನ ಹೆಸರಿಗೂ ಅಂತರವಿಲ್ಲದ ಸ್ಥಿತಿಯೇ ಕಾಯಕ. ಹಾಗಾದರೆ ಕೆಡುವುದೆಂದು ತಿಳಿದ ಕೆಲಸವನ್ನು ಒಡೆಯನ ಮಾತಿಗೆ ಕಟ್ಟುಬಿದ್ದು ಮಾಡಿದರೆ, ಕೆಟ್ಟ ಮೇಲೆ ಆ ಕೆಲಸ ಯಾರ ಹೆಸರಿಗೆ ಸೇರಬೇಕು? ಇದು ಬಡಿಗನಿಗೆ ಕೇಳಬೇಕಾದ ಪ್ರಶ್ನೆ. ತಿಳಿದವನು ಬೇಡವೆಂದಾಗ ಹಣದ ಬಲದಿಂದ ಅವನ ಬಾಯಿ ಮುಚ್ಚಿಸಿದವನು, ಕೆಟ್ಟ ಮೇಲೆ ಅದೇ ಹಣವನ್ನು ತಡೆದು ಶಿಕ್ಷಿಸಬಹುದೆ? ಇದು ಯಜಮಾನನಿಗೆ ಕೇಳಬೇಕಾದ ಪ್ರಶ್ನೆ. ಕಾಯಕದ ಧರ್ಮವು ಮಾಡುವವನಿಗೆ ಎಷ್ಟೋ ಮಾಡಿಸುವವನಿಗೂ ಅಷ್ಟೇ ಎಂಬುದು ನಮ್ಮ ನಂಬುಗೆ.

ಮರುದಿನ ಇಬ್ಬರನ್ನೂ ಅಟ್ಟದ ಮೇಲೆಯೇ ಕೂಡಿಸಿಕೊಂಡು ಈ ಎರಡು ಪ್ರಶ್ನೆಗಳನ್ನೂ ಕೇಳಿದೆವು. ತಮ್ಮನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಡಿಗನು ಮಾತ್ರ ತಲೆಯೆತ್ತಿ, “ಒಮ್ಮೆ ಹೇಳಿದ್ದೆ ಖರೆ. ಎರಡನೇ ಸಲ ಹೇಳೂ ಧೈರ್ಯ ಆಗಲಿಲ್ಲರಿ. ಕೆಲಸ ಕೈ ಬಿಟ್ಟು ಹೋದೀತು ಅಂತ ಅಂಜಿದೆ. ಮೊಳಿ ಹೊಡದದ್ದು ನಂದs ತಪ್ಪು” ಎಂದನು. ಆ ಮಾತಿನ ಮೇಲೆ ತಮ್ಮನ ಸಿಟ್ಟು ಇಳಿಯಿತು. ತಪ್ಪನ್ನು ಒಬ್ಬನು ಒಪ್ಪಿಕೊಂಡಲ್ಲಿ ಇನ್ನೊಬ್ಬನಿಗೂ ಒಪ್ಪಿಕೊಳ್ಳುವ ದಾರಿ ತೆರೆಯುತ್ತದೆ. “ಜಂತಿ ತರಿಸಲಿಲ್ಲ, ಅದು ನಂದು” ಎಂದು ಅವನೂ ಹೇಳಿದನು.

ಆಮೇಲೆ ದುರಸ್ತಿಯ ವಿಚಾರ. ಕಟ್ಟಿಗೆಯ ಹೊಟ್ಟನ್ನು ಅಂಟಿನಲ್ಲಿ ಕಲಸಿ ಸಂದುಗಳನ್ನು ತುಂಬಿಬಿಡುವೆನೆಂದು ಬಡಿಗನು ಮೊದಲು ಹೇಳಿದ್ದನು. ಎರಡು ದಿನದ ಕೆಲಸ, ನೋಡಲೂ ಚೆಂದ. ನಾವು ಅದಕ್ಕೆ ಒಪ್ಪಲಿಲ್ಲ. ಮಳೆಗಾಲದಲ್ಲಿ ಹಲಗೆ ಮತ್ತೆ ಅಗಲವಾಗುವಾಗ, ತುಂಬಿದ ಅಂಟು ಅದಕ್ಕೆ ಎಡೆಗೊಡುವುದಿಲ್ಲ. ಒಂದೋ ಅಂಟು ಕಿತ್ತುಬರುತ್ತದೆ, ಇಲ್ಲವೇ ಹಲಗೆಯೇ ಮೇಲಕ್ಕೆ ಉಬ್ಬುತ್ತದೆ. ಸಂದು ಮುಚ್ಚಿದರೆ ದೋಷ ಮುಚ್ಚಿದಂತಾಗದು.

ನಿಶ್ಚಯಿಸಿದುದು ಹೀಗೆ. ವೈಶಾಖ ಕಳೆಯುವವರೆಗೆ ಹಲಗೆಗಳು ಇದ್ದಂತೆಯೇ ಇದ್ದು ಪೂರ್ತಿ ಒಣಗಲಿ. ಮಗುವಿಗೆ ತಾಗದಂತೆ ಎದ್ದ ಮೊಳೆಗಳನ್ನು ಮಾತ್ರ ಅಂದೇ ಕೀಳಬೇಕು. ಆಮೇಲೆ ಎಲ್ಲ ಹಲಗೆಗಳಿಗೆ ಸೀಮೆಸುಣ್ಣದಿಂದ ಅಂಕಿ ಬರೆದು ಎಬ್ಬಿಸಬೇಕು. ಬಾಗಿದವನ್ನು ಸಮಮಾಡಿ ಅಂಚುಗಳಲ್ಲಿ ನಾಲಗೆ ಗಾಡಿಗಳನ್ನು ತೆಗೆಯಬೇಕು. ನಾಲ್ಕು ಹೊಸ ಜಂತಿಗಳನ್ನು ಕೂಡಿಸಿ, ರಸಮಟ್ಟ ಇಟ್ಟು ನೋಡಿ, ತಿರುಪಿನಿಂದ ಹಲಗೆ ಹಾಸಬೇಕು. ಕುಗ್ಗಿದ ಅಗಲಕ್ಕೂ ನಾಲಗೆ ಗಾಡಿಗೆ ಹೋಗುವ ಅಗಲಕ್ಕೂ ಬೇಕಾಗುವ ಹಲಗೆಗಳನ್ನು ಒಣಗಿದ ಹಳೆಯ ಕಟ್ಟಿಗೆಯಿಂದಲೇ ಮಾಡಬೇಕು. ಬೇಸಿಗೆಯಲ್ಲಿ ಹಾಸುವ ಹಲಗೆ ಮಳೆಗಾಲದಲ್ಲಿ ಉಬ್ಬುವುದಾದ್ದರಿಂದ ಎರಡೂ ಗೋಡೆಗಳ ಬಳಿ ಅರ್ಧ ಅಂಗುಲ ತೆರವು ಬಿಟ್ಟು ಅದರ ಮೇಲೆ ಪಟ್ಟಿ ಹೊಡೆಯಬೇಕು. ಪಟ್ಟಿಯ ಮೊಳೆ ಗೋಡೆಗೆ ಸೇರಬೇಕೇ ಹೊರತು ಹಲಗೆಗೆ ಸೇರಬಾರದು. ಹಲಗೆ ಎಬ್ಬಿಸಿ ಮತ್ತೆ ಹಾಸುವ ಮಜೂರಿ ಬಡಿಗನದು. ಜಂತಿ, ಹೆಚ್ಚಿನ ಹಲಗೆ, ತಿರುಪುಗಳ ಖರ್ಚು ಯಜಮಾನನದು. ತಡೆದ ಎಂಟು ಸಾವಿರದಲ್ಲಿ ನಾಲ್ಕು ಸಾವಿರವನ್ನು ಅಂದೇ ಕೊಡತಕ್ಕದ್ದು. ಉಳಿದ ನಾಲ್ಕು ಸಾವಿರವನ್ನು ಒಂದು ಮಳೆಗಾಲ ಕಳೆದ ಮೇಲೆ ದೀಪಾವಳಿಗೆ ಕೊಡತಕ್ಕದ್ದು. ಇಷ್ಟನ್ನೂ ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಮಾಡಿದರು. ಬಾಗಿಲ ಬಳಿ ನಿಂತಿದ್ದ ಹುಡುಗನು ಅಂದು ತಮ್ಮನ ಪಕ್ಕದಲ್ಲಿ ಕುಳಿತು ಚಹಾ ಕುಡಿದು ಹೋದನು.

ಹಿಂದಿನ ಕಾಲದಲ್ಲಿ ಇಂಥ ಕಾಗದದ ಅವಶ್ಯಕತೆ ಇರಲಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಆಗ ಆಯದ ಪದ್ಧತಿ ಇದ್ದಿತು. ಬಡಿಗ, ಕಂಬಾರ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಲ್ಲಿಯೇ ಕಾಳಿನ ಪಾಲು ಸಲ್ಲುತ್ತಿತ್ತು. ಕೂರಿಗೆ ಮುರಿದರೆ, ಬಾಗಿಲು ಕೆಟ್ಟರೆ ಬಡಿಗನು ಮತ್ತೆ ಬರುವುದು ಆ ಪಾಲಿನೊಳಗೇ ಸೇರಿತ್ತು. ಆ ಪದ್ಧತಿಯಲ್ಲಿ ಅನ್ಯಾಯವೂ ಇದ್ದಿತು: ಕಾಳು ಕಡಿಮೆ ಬಂದ ವರ್ಷ ಪಾಲೂ ಕಡಿಮೆ, ಕೆಲಸ ಬೇಡವೆನ್ನುವ ಸ್ವಾತಂತ್ರ್ಯ ಅವನಿಗೆ ಇಲ್ಲ. ಅದು ಹೋದುದಕ್ಕೆ ಅಳಬೇಕಾಗಿಲ್ಲ. ಆದರೆ ಅದರೊಡನೆ ಮತ್ತೆ ಬಂದು ನೋಡುವ ಕಟ್ಟುಪಾಡೂ ಹೋಯಿತು. ಚದರ ಅಡಿಗಿಷ್ಟೆಂದು ಹಣ ಎಣಿಸಿಕೊಂಡ ಮೇಲೆ ಹೊರಡುವುದು ಇಂದಿನ ರೂಢಿ. ಹೋದ ಕಟ್ಟುಪಾಡಿನ ಸ್ಥಾನವನ್ನು ಮೊದಲೇ ಆಡಿದ, ಬರೆದಿಟ್ಟ ಮಾತೇ ತುಂಬಬೇಕು.

ಆದ್ದರಿಂದ ಮನೆಯ ಕೆಲಸ ಹಿಡಿಯುವ ಕುಟುಂಬಗಳು ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕೆಂದು ಬಯಸುತ್ತೇವೆ.

ಕಟ್ಟಿಗೆ ಕೊಳ್ಳುವಾಗ ಒಣಗಿದೆಯೇ ಎಂದು ಕೇಳಿ ಬಿಡುವುದು ಸಾಲದು. ಹಲಗೆಯ ನಡುವಿನಿಂದ ಒಂದು ತುಂಡು ಕೊಯ್ಯಿಸಿ ತಂದು ತೂಗಿರಿ. ಬಿಸಿ ಒಲೆಯ ಪೆಟ್ಟಿಗೆಯಲ್ಲಿ ನೀರು ಕುದಿಯುವಷ್ಟು ಶಾಖದಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿರಿ. ಮೊದಲ ತೂಕ ೬೦೦ ಗ್ರಾಂ, ಆಮೇಲೆ ೫೦೦ ಗ್ರಾಂ ಆದರೆ, ಹೋದ ನೀರು ೧೦೦ ಗ್ರಾಂ. ಒಣ ತೂಕದ ಶೇಕಡ ೨೦. ನೆಲಕ್ಕೆ ಹಾಸುವ ಹಲಗೆಯಲ್ಲಿ ಈ ಪ್ರಮಾಣವು ಶೇಕಡ ೧೨ರ ಆಸುಪಾಸಿಗೆ ಇಳಿದಿರಬೇಕು. ತೇವ ತೋರಿಸುವ ಸಣ್ಣ ಯಂತ್ರಗಳೂ ಈಗ ದೊರೆಯುತ್ತವೆ.

ಹುಬ್ಬಳ್ಳಿ, ಬೆಂಗಳೂರುಗಳಲ್ಲಿರುವ ನಮ್ಮ ಮಕ್ಕಳು ಸಿಮೆಂಟಿನ ನೆಲದ ಮೇಲೆ ಕಾರ್ಖಾನೆಯ ಮರದ ಹಾಸು ಹಾಕಿಸುತ್ತಾರೆ. ಅವರಿಗೆ ಶತ್ರು ಕೆಳಗಿನಿಂದ ಬರುತ್ತದೆ. ಹೊಸ ಕಾಂಕ್ರೀಟು ಒಣಗಲು ಅಂಗುಲ ದಪ್ಪಕ್ಕೆ ಒಂದು ತಿಂಗಳು ಹಿಡಿಯುವುದೆಂದು ಸ್ಥೂಲ ಲೆಕ್ಕ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ನೆಲಕ್ಕೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿರಿ. ಎತ್ತಿ ನೋಡಿದಾಗ ಅಡಿಯಲ್ಲಿ ಹನಿ ಕೂತಿದ್ದರೆ ನೆಲವಿನ್ನೂ ಹಸಿಯೆಂದು ತಿಳಿದು ಕೆಲಸ ಮುಂದೂಡಿರಿ. ಹಾಸಿನ ಪೆಟ್ಟಿಗೆಗಳನ್ನು ಎರಡು ದಿನವಾದರೂ ಅದೇ ಕೋಣೆಯಲ್ಲಿ ಇಟ್ಟು ಆಮೇಲೆ ಬಿಚ್ಚಿಸಿರಿ. ಗೋಡೆಯ ಬಳಿ ತೆರವು ಬಿಡುವ ನಿಯಮವು ಅಲ್ಲಿಗೂ ಅನ್ವಯಿಸುತ್ತದೆ.

ಗುತ್ತಿಗೆಯ ಹಣದಲ್ಲಿ ಹತ್ತನೆಯ ಒಂದು ಭಾಗವನ್ನಾದರೂ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವವರೆಗೆ ಉಳಿಸಿಕೊಳ್ಳುವೆವೆಂದು ಮೊದಲೇ ಮಾತಾಡಿರಿ. ಕೆಲಸ ಕೆಟ್ಟ ಮೇಲೆ ತಡೆಯುವ ಹಣ ಜಗಳದ ಹಣ. ಮೊದಲೇ ಒಪ್ಪಿ ಉಳಿಸಿದ ಹಣ ಭರವಸೆಯ ಹಣ. ಕೆಲಸ ಸರಿಯಿದ್ದರೆ ಅದನ್ನು ಹೇಳಿದ ದಿನವೇ ಕೊಡಿರಿ. ಅವನು ಕೇಳಿಕೊಂಡು ಮೂರು ಸಲ ಬಾಗಿಲಿಗೆ ಬರುವಂತೆ ಮಾಡಬೇಡಿರಿ. ದೋಷ ಕಂಡರೆ ಸಂಕೋಚಪಟ್ಟು ಮುಚ್ಚಿಡಬೇಡಿರಿ. ಎದುರಿಗೆ ಹೇಳದೆ ಊರೆಲ್ಲ ಹೇಳುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಕೆಲಸದವನಿಗೆ ಅವನ ತಪ್ಪನ್ನು ಸ್ಪಷ್ಟವಾಗಿ ತೋರಿಸಿದರೆ ಅವನ ಮುಂದಿನ ಕೆಲಸಕ್ಕೆ ಉಪಕಾರ ಮಾಡಿದಂತೆ.

ಮಾತಿಗೆ ಬಾರದ ಗುತ್ತಿಗೆದಾರರೂ ಇರುತ್ತಾರೆ. ಅಂಥಲ್ಲಿ ಕಾನೂನಿನ ಆಶ್ರಯವಿದೆ. ೧೯೮೬ರ ಗ್ರಾಹಕ ರಕ್ಷಣಾ ಕಾಯಿದೆಯ ಸ್ಥಾನದಲ್ಲಿ ೨೦೧೯ರ ಹೊಸ ಕಾಯಿದೆಯು ೨೦೨೦ರ ಜುಲೈ ೨೦ರಿಂದ ಜಾರಿಗೆ ಬಂದಿದೆ. ಕೊಟ್ಟ ಹಣ ೫೦ ಲಕ್ಷ ರೂಪಾಯಿಯೊಳಗಿದ್ದರೆ ದೂರನ್ನು ಜಿಲ್ಲಾ ಆಯೋಗಕ್ಕೆ ಕೊಡಬೇಕು. ೫ ಲಕ್ಷದವರೆಗೆ ಶುಲ್ಕವಿಲ್ಲ. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ದೂರಿನ ಕಾರಣ ಉಂಟಾದ ಎರಡು ವರ್ಷಗಳೊಳಗೆ ಹೂಡಬೇಕು. ಇಬ್ಬರೂ ಒಪ್ಪಿದರೆ ಆಯೋಗವೇ ಮಧ್ಯಸ್ಥಿಕೆಗೆ ಕಳಿಸುವ ಅವಕಾಶವೂ ಹೊಸ ಕಾಯಿದೆಯಲ್ಲಿದೆ. ೧೯೧೫ ಎಂಬ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆಗೆ ಫೋನು ಮಾಡಿ ಸಲಹೆ ಕೇಳಬಹುದು. ಪಾವತಿ, ಕರಾರಿನ ಕಾಗದ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆದ ಚಿತ್ರಗಳು ಇದ್ದರೆ ಮಾತಿಗೆ ತೂಕ ಬರುತ್ತದೆ. ಆದರೆ ದಿನಗೂಲಿಗೆ ಕರೆದು ನಾವು ಹೇಳಿದಂತೆ ಮಾಡಿಸಿದ ಕೆಲಸಕ್ಕೂ, ಗುತ್ತಿಗೆಯಾಗಿ ಒಪ್ಪಿಸಿದ ಕೆಲಸಕ್ಕೂ ಕಾನೂನಿನಲ್ಲಿ ಭೇದವುಂಟು. ಊರ ಬಡಿಗನ ಮೇಲೆ ಎಂಟು ಸಾವಿರಕ್ಕೆ ಆಯೋಗಕ್ಕೆ ಹೋಗುವ ಮೊದಲು ಅಟ್ಟದ ಮೇಲೆ ಅವನೊಡನೆ ಒಂದು ಗಂಟೆ ಕುಳಿತುಕೊಳ್ಳುವುದು ಲೇಸು.

ನಮ್ಮ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಎಲ್ಲರಿಗೂ ಗೊತ್ತು. ಅರಗಿನ ಬಣ್ಣದ ಆ ತೊಟ್ಟಿಲಲ್ಲಿ ತೂಗಿಸಿಕೊಂಡ ಕೂಸು, ಮುಂದೆ ತನ್ನ ಮೊಮ್ಮಕ್ಕಳನ್ನು ಅದರಲ್ಲಿಯೇ ತೂಗುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಅಂಥ ಕೈಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆ. ಅವುಗಳಿಗೆ ಬೇಕಾದುದು ಹದವಾದ ಕಟ್ಟಿಗೆ, ಸಾಕಷ್ಟು ವೇಳೆ ಮತ್ತು ಹೊತ್ತಿಗೆ ಸಲ್ಲುವ ಮಜೂರಿ. ಇವನ್ನು ಕೊಡದೆ ಒಳ್ಳೆಯ ಕೆಲಸವನ್ನು ಮಾತ್ರ ಬೇಡುವುದು ನ್ಯಾಯವಲ್ಲ.

ಸಂಶಿಯ ಅಟ್ಟವು ಮೃಗಶಿರ ಮಳೆಗೆ ಮೊದಲೇ ಮತ್ತೆ ಹಾಸಿ ಮುಗಿಯಿತು. ಮಳೆಗಾಲದಲ್ಲಿ ಹಲಗೆಗಳು ಉಬ್ಬಿ ಒಂದಕ್ಕೊಂದು ಒತ್ತಿಕೊಂಡವು. ಗೋಡೆಯ ಬಳಿಯ ತೆರವು ಆ ಒತ್ತನ್ನು ತಡೆದುಕೊಂಡಿತು. ದೀಪಾವಳಿಯ ಪಾಡ್ಯದಂದು ತಮ್ಮನು ಉಳಿದ ನಾಲ್ಕು ಸಾವಿರ ರೂಪಾಯಿಗಳನ್ನು ಬಡಿಗನ ಮನೆಗೆ ತಾನೇ ಹೋಗಿ ಕೊಟ್ಟು ಬಂದನು. ಮುಂದಿನ ಬೇಸಿಗೆಯಲ್ಲಿ ನಾವು ಹೋದಾಗ ಸಂದುಗಳು ಕೂದಲೆಳೆಯಷ್ಟು ಕಾಣುತ್ತಿದ್ದವು. ಅದು ಕಟ್ಟಿಗೆಯ ಸ್ವಭಾವ, ದೋಷವಲ್ಲ. ಪಡಸಾಲೆಯಲ್ಲಿ ಊಟಕ್ಕೆ ಕುಳಿತಾಗ ಮೇಲೆ ಯಾರೋ ನಡೆದ ಸಪ್ಪಳ ಕೇಳಿಸಿತು, ತಟ್ಟೆಗೆ ಧೂಳು ಬೀಳಲಿಲ್ಲ. ಯಾರೆಂದು ಕೇಳಿದೆವು. ಚಿಗವ್ವ ಪೂಜೆ ಮುಗಿಸಿ ಇಳಿಯುತ್ತಿದ್ದಾಳೆ ಎಂದರು.